ಪ್ರಾರ್ಥನಾ ಮಾಡ್ರಿ ಅಂತ ಹೇಳಿ ಆಡಿದ ಮಾತು

ಹೋದ ವಾರ ನಮ್ಮ ಮಾಳಗಿ ಮ್ಯಾಲ ಅಕ್ಕಿ ಸಂಡಿಗಿ ಇಡಾಕ ಐದು ಮಂದಿ ಕೂಡಿದ್ವಿ. ಮುಂಜಾನೆ ಆರಕ್ಕ ಹಿಟ್ಟು ಕುದಿಸಿ ಇಳಿಸಿದ್ದೆ. ಬಿಸಿಲು ಏರೂದ್ರಾಗ ಮುಗೀಬೇಕು ಅಂತ ಎಲ್ಲಾರೂ ಕೈ ಹಚ್ಚಿದ್ರು. ನಿಮಗ ಗೊತ್ತೈತಲ್ಲ, ಸಂಡಿಗಿ ಇಡೋವಾಗ ಕೈಗೆ ಕೆಲಸ ಇರತೈತಿ, ಬಾಯಿಗೆ ಇರೋದಿಲ್ಲ. ಹಳೇ ಸೀರಿ ಹಾಸಿ ಅದರ ಸುತ್ತ ಕುಂತ್ರ ಓಣಿ ಸುದ್ದಿಯೆಲ್ಲ ಆ ಸೀರಿ ಮ್ಯಾಲ ಬಂದು ಬೀಳತೈತಿ. ಅವತ್ತೂ ಹಂಗ ಆತು. ಕಡೀ ಮನಿಗೆ ಹೊಸದಾಗಿ ಬಾಡಿಗಿಗೆ ಬಂದವರ ಮಾತು ಬಂತು. ಅವರ ಬಗ್ಗೆ ನನಗ ಒಂದು ಸಂಗತಿ ಗೊತ್ತಿತ್ತು. "ಅಯ್ಯ, ನಿಮಗ ಗೊತ್ತಿಲ್ಲೇನ..." ಅಂತ ಬಾಯಿ ತಗದೆ. ತಗದಾಕಿ ಅಲ್ಲೇ ನಿಂತೆ.

"ಏನ್ರೀ ಅಕ್ಕಾರ, ಏನದು?" ಅಂತ ನಾಲ್ಕೂ ಮಂದಿ ಕೈ ನಿಲ್ಲಿಸಿ ನನ್ನ ನೋಡಿದ್ರು.

"ಏನಿಲ್ಲ, ಹಿಟ್ಟಿಗೆ ಜೀರಗಿ ಕಮ್ಮಿ ಆಗೇತಿ" ಅಂದೆ.

ಜೀರಗಿ ಸರಿಯಾಗೇ ಇತ್ತು. ಚಾಡಿ ತಪ್ಪಿಸಾಕ ಹೋಗಿ ಸುಳ್ಳು ಹೇಳಿದ್ನಲ್ಲ ಅಂತ ಆಮ್ಯಾಲ ನನಗ ನಗು ಬಂತು. ಆದ್ರ ಆ ಸುದ್ದಿ ನುಂಗಿಕೊಳ್ಳೂದು ನನಗ ಎಷ್ಟು ಕಷ್ಟ ಆತು ಅಂದ್ರ, ಸಂಜೀತನಕ ಅದು ಗಂಟಲದಾಗ ಸಿಕ್ಕಂಗ ಇತ್ತು. ವಯಸ್ಸು ಐವತ್ತು ದಾಟೇತಿ, ಸಣ್ಣಾಕಿ ಇದ್ದಾಗಿಂದ ಸಂಡೇ ಸ್ಕೂಲು, ಚರ್ಚು ಅಂತ ಬೆಳದಾಕಿ. ಇನ್ನೂ ನಾಲಿಗಿ ಹಿಡಿಯಾಕ ಬರವಲ್ದು. ಅದಕ್ಕ ಇವತ್ತ ಅಡಗಿ ಮಾತು ಬಿಟ್ಟು ಈ ನಾಲಿಗಿ ಮಾತು ಬರೀತೀನಿ.

ಎಂಟು ವರ್ಷದ ಹಿಂದಿನ ಸಂಗತಿ ಇದು. ಬರಿಯೋಕಿಂತ ಮೊದಲ ನನ್ನ ಗೆಳತಿ ಮನಿಗೆ ಹೋಗಿ ಕೇಳೀನಿ. ಅಕಿ ಅಂದಳು, "ನನ್ನ ಹೆಸರು ಬ್ಯಾಡ, ನನ್ನ ಮಗಳ ಹೆಸರಂತೂ ಬ್ಯಾಡೇ ಬ್ಯಾಡ. ನಿನ್ನ ತಪ್ಪು ಎಷ್ಟು ಬೇಕಾದ್ರೂ ಬರಿ." ಅದಕ್ಕ ಊರು, ಓಣಿ, ಹುಡುಗಿ ಗಂಡನ ಕೆಲಸ ಯಾವುದೂ ಹೇಳೋದಿಲ್ಲ. ನಿಮ್ಮೊಳಗ ಕೆಲವರಿಗೆ ಯಾರು ಅಂತ ಗೊತ್ತಾಗಬಹುದು. ಗೊತ್ತಾದ್ರ ನಿಮ್ಮ ಹೊಟ್ಟ್ಯಾಗ ಇಟ್ಕೋರಿ. ಗೊತ್ತಾಗಲಿಲ್ಲ ಅಂದ್ರ ನನಗ ಫೋನ್ ಮಾಡಿ ಕೇಳಬ್ಯಾಡ್ರಿ.

ಆಗ ಪ್ರತಿ ಶುಕ್ರವಾರ ಸಂಜಿಕೆ ಒಬ್ಬೊಬ್ಬರ ಮನ್ಯಾಗ ಹೆಣ್ಮಕ್ಕಳ ಪ್ರಾರ್ಥನಾ ಕೂಟ ಇರತಿತ್ತು. ಹತ್ತು ಹನ್ನೆರಡು ಮಂದಿ ಚಾಪಿ ಮ್ಯಾಲ ಕುಂತು ಹಾಡು, ವಚನ ಓದೋದು, ಆಮ್ಯಾಲ ಪ್ರಾರ್ಥನಾ ವಿಷಯ ಹೇಳೋದು. ಒಬ್ಬಾಕಿಗೆ ಮೊಣಕಾಲು ನೋವು, ಒಬ್ಬಾಕಿ ಮಗನ ಪರೀಕ್ಷಾ. ಆ ವಾರ ಬುಧವಾರ ದಿನ ನನ್ನ ಗೆಳತಿ ನಮ್ಮ ಹಿತ್ತಲದಾಗ ನಿಂತು ಅತ್ತಿದ್ದಳು. ಹೋದ ವರ್ಷ ಮದುವಿ ಮಾಡಿ ಕೊಟ್ಟ ಮಗಳು ಎರಡು ಬ್ಯಾಗು ತಗೊಂಡು ತವರಮನಿಗೆ ಬಂದುಬಿಟ್ಟಿದ್ದಳು. ಅಳಿಯಗ ಕೆಲಸ ಹೋಗಿತ್ತು. ಅವ ಅದನ್ನ ಮುಚ್ಚಿಟ್ಟು ದಿನಾ ಡಬ್ಬಿ ಕಟ್ಟಿಸಿಕೊಂಡು ಹೋಗಿ ಬರತಿದ್ದ. ಗೊತ್ತಾದ ಮ್ಯಾಲ ಇಬ್ಬರಿಗೂ ಮಾತಿಗೆ ಮಾತು ಬೆಳದು ಹುಡುಗಿ ಹೊಂಟು ಬಂದಿದ್ದಳು. "ಹದಿನೈದು ದಿನ ಇರಲಿ, ಸಿಟ್ಟು ಇಳೀತೈತಿ, ನಾವ ಹೋಗಿ ಬಿಟ್ಟು ಬರತೀವಿ. ಯಾರ ಮುಂದೂ ಹೇಳಬ್ಯಾಡ" ಅಂತ ನನ್ನ ಕೈ ಹಿಡಿದು ಹೇಳಿದ್ದಳು.

ಶುಕ್ರವಾರ ನನ್ನ ಸರತಿ ಬಂದಾಗ ನಾ ಏನಂದೆ ಗೊತ್ತೇನು? "ನಮ್ಮ ಸಭೆದಾಗ ಹೋದ ವರ್ಷ ಮದುವಿ ಆದ ಒಂದು ಹುಡುಗಿ ಸಲುವಾಗಿ ಪ್ರಾರ್ಥನಾ ಮಾಡೋಣು. ಹೆಸರು ಹೇಳೋದಿಲ್ಲ. ಸಂಸಾರದಾಗ ಭಾಳ ತ್ರಾಸ ಐತಿ." ಇಷ್ಟ ಅಂದೆ. ಹೆಸರು ಹೇಳಲಿಲ್ಲ ಅಂತ ನನ್ನ ಬಗ್ಗೆ ನನಗ ಅಭಿಮಾನನೂ ಇತ್ತು. ಆದ್ರ ಹೋದ ವರ್ಷ ನಮ್ಮ ಸಭೆದಾಗ ಆದ ಹುಡುಗ್ಯಾರ ಮದುವಿ ಎರಡ. ಅದರಾಗ ಒಬ್ಬಾಕಿ ಅದ ವಾರ ಗಂಡನ ಜೋಡಿ ಬಂದು ನಮ್ಮೆಲ್ಲಾರ ಮನಿಗೆ ಪೇಡೆ ಕೊಟ್ಟು ಹೋಗಿದ್ದಳು. ಅಂದಮ್ಯಾಲ ಉಳದಾಕಿ ಯಾರು ಅಂತ ಸಣ್ಣ ಹುಡುಗರಿಗೂ ತಿಳೀತಿತ್ತು.

ನಮ್ಮ ಮಂದಿ ಎಷ್ಟು ಅದಾರ ಅಂತ ನೋಡ್ರಿ. 2011ರ ಜನಗಣತಿ ಪ್ರಕಾರ ಇಡೀ ಕರ್ನಾಟಕದಾಗ ಕ್ರೈಸ್ತರು ನೂರಕ್ಕ ಇಬ್ಬರೂ ತುಂಬೋದಿಲ್ಲ, 1.87 ಅಷ್ಟ. ಈ ಕಡೆ ಸಭೆಗಳಂತೂ ಸಣ್ಣವು. ಹೆಣ್ಣು ಕೊಡೋದು, ತರೋದು ಎಲ್ಲಾ ಇವ ನಾಲ್ಕೂರಾಗ. ಹಿಂಗಾಗಿ ಇಲ್ಲಿ ಶುಕ್ರವಾರ ಆಡಿದ ಮಾತು ಆದಿತ್ಯವಾರ ಆರಾಧನಿ ಮುಗಿಯೂದ್ರಾಗ ಹುಬ್ಬಳ್ಳಿ ಮುಟ್ಟತೈತಿ. ಮುಟ್ಟಿತು. ಮುಟ್ಟೂ ಹೊತ್ತಿಗೆ ಅದು ನಾ ಆಡಿದ ಮಾತಾಗಿ ಉಳದಿರಲಿಲ್ಲ. ಹುಡುಗಿಗೆ ಬ್ಯಾರೆ ಕಡೆ ಮನಸ್ಸು ಇತ್ತಂತ, ಅದಕ್ಕ ಗಂಡನ್ನ ಬಿಟ್ಟು ಬಂದಾಳಂತ, ಅಂತ ಆಗಿತ್ತು. ಅದನ್ನ ಹುಡುಗನ ತಾಯಿ ಕೇಳಿದರು. ಹದಿನೈದು ದಿನಕ್ಕ ಮುಗೀಬೇಕಾದ ಸಿಟ್ಟು ಮಾನದ ಪ್ರಶ್ನೆ ಆಗಿಬಿಟ್ಟಿತು. ಬಿಟ್ಟು ಬರಾಕ ಹೋದ ತಂದಿ-ತಾಯಿನ್ನ ಅವರು ಬಾಗಿಲದಾಗ ನಿಲ್ಲಿಸಿ ಕಳಿಸಿದರು. ಆ ಹುಡುಗಿ ತವರಮನ್ಯಾಗ ಒಂದು ವರ್ಷ ಏಳು ತಿಂಗಳು ಉಳದಳು.

ನನ್ನ ಗೆಳತಿ ಶುಕ್ರವಾರದ ಕೂಟಕ್ಕ ಬರೋದು ಬಿಟ್ಟಳು. ಚರ್ಚಿಗೆ ಬರತಿದ್ದಳು, ನನ್ನ ಮುಂದಿನ ಬೆಂಚಿನ್ಯಾಗ ಕುಂದರತಿದ್ದಳು. ನಮ್ಮ ಆರಾಧನಿದಾಗ ಕರ್ತನ ಭೋಜನದ ದಿನ ಒಬ್ಬರ ಕೈ ಒಬ್ಬರು ಹಿಡಿದು ಸಮಾಧಾನ ಕೊಡೋದು ಐತಲ್ಲ, ಮುಂದಿನಿಂದ ಹಿಂದಕ ಕೈಯಿಂದ ಕೈಗೆ ಬರತೈತಿ. ಅವತ್ತು ಅಕಿ ತಿರುಗಿದಳು, ನನ್ನ ಎಡಕ್ಕಿದ್ದಾಕಿ ಕೈ ಹಿಡದಳು, ನನ್ನ ಬಲಕ್ಕಿದ್ದಾಕಿ ಕೈ ಹಿಡದಳು, ತಿರುಗಿ ಕುಂತಳು. ನನ್ನ ಎರಡೂ ಕೈ ಮುಂದ ಚಾಚಿದ್ದು ಹಂಗ ಉಳದ್ವು. ಯಾರೂ ನೋಡಲಿಲ್ಲ ಅನಸ್ತೈತಿ. ನಾ ರೊಟ್ಟಿ, ದ್ರಾಕ್ಷಾರಸ ತಗೊಳ್ಳಾಕ ಎದ್ದು ಹೋಗಲಿಲ್ಲ. ಬಲಿಪೀಠದ ಮುಂದ ಕಾಣಿಕಿ ತಂದಾಗ, ನಿನ್ನ ಮ್ಯಾಲ ಒಬ್ಬರಿಗೆ ದುಃಖ ಐತಿ ಅಂತ ನೆನಪಾದ್ರ, ಕಾಣಿಕಿ ಅಲ್ಲೇ ಬಿಟ್ಟು ಮೊದಲ ಹೋಗಿ ಅವರ ಕೂಡ ಒಂದಾಗು ಅಂತ ಯೇಸುಸ್ವಾಮಿ ಹೇಳಿದ್ದು ಮತ್ತಾಯನ ಸುವಾರ್ತೆ 5ನೇ ಅಧ್ಯಾಯದಾಗ ಐತಿ. ಅದನ್ನ ಎಷ್ಟು ಸಲ ಓದಿದ್ದೆ. ಅವತ್ತ ತಿಳೀತು.

ತಿಳದ್ರೂ ಹೋಗಾಕ ನಾಲ್ಕು ತಿಂಗಳು ಹಿಡೀತು. ಹೋದಾಗಲೂ ಬರೇ ಕೈ ಮಾಡಿಕೊಂಡು ಹೋಗಲಿಲ್ಲ, ನೆಪ ತಗೊಂಡು ಹೋದೆ. "ನಾ ಒಳ್ಳೇದಕ್ಕ ಹೇಳಿದ್ದೆ, ಪ್ರಾರ್ಥನಾ ಸಲುವಾಗಿ ಹೇಳಿದ್ದೆ, ಹೆಸರಂತೂ ಹೇಳಲೇ ಇಲ್ಲ" ಅಂದೆ. ಅಕಿ ಕಾಳು ಹಸನ ಮಾಡಾಕತ್ತಿದ್ದಳು. ಮೊರ ಕೆಳಗ ಇಟ್ಟಳು. "ಹೆಸರು ಹೇಳಿದ್ದರ ಛಲೋ ಇತ್ತು" ಅಂದಳು. "ಹೆಸರು ಹೇಳಿದ್ದರ ಯಾರಾದ್ರೂ ಬಂದು ನನ್ನ ಕೇಳತಿದ್ರು, ನಾ ಖರೇ ಹೇಳತಿದ್ದೆ. ನೀ ಹೆಸರು ಹೇಳಲಿಲ್ಲ, ಅದಕ್ಕ ನನ್ನ ಮುಂದ ಬಂದು ಕೇಳಾಕ ಯಾರಿಗೂ ಬರಲಿಲ್ಲ. ತಮಗ ತಿಳದಂಗ ತಾವ ಕಟ್ಟಿಕೊಂಡ್ರು." ಮತ್ತ ಮೊರ ತಗೊಂಡಳು. ಚಹಾ ಮಾಡಲಿಲ್ಲ. ನಾ ಎದ್ದು ಬಂದೆ.

ಅವತ್ತು ರಾತ್ರಿ ನಾ ನನ್ನನ್ನ ಖರೇನ ಕೇಳಿಕೊಂಡೆ. ಆ ಶುಕ್ರವಾರ ನನಗ ಬೇಕಾಗಿದ್ದು ದೇವರ ಸಹಾಯೇನು? ಹಂಗಿದ್ದರ ಬುಧವಾರ ರಾತ್ರಿ ಮಂಚದ ಹಂತ್ಯಾಕ ಮೊಣಕಾಲೂರಿ ಕೇಳಬಹುದಿತ್ತು. ಕೇಳಿರಲಿಲ್ಲ. ಆ ಹುಡುಗಿ ಹೆಸರು ಹಿಡಿದು ಒಂದು ಸಲನೂ ಒಬ್ಬಾಕಿನ ಪ್ರಾರ್ಥನಾ ಮಾಡಿರಲಿಲ್ಲ. ನನಗ ಬೇಕಾಗಿದ್ದು ಹನ್ನೆರಡು ಮಂದಿ ನನ್ನ ಕಡೆ ತಿರುಗಿ, ಅಯ್ಯ ಪಾಪ ಅನ್ನೋದು. ಈ ಸಂಗತಿ ನನಗ ಮೊದಲ ಗೊತ್ತು ಅನ್ನೋ ದೊಡ್ಡಸ್ತನ. ಸಿಟ್ಟಿನಿಂದ ಆಡೋ ಚಾಡಿ ಎಲ್ಲಾರಿಗೂ ಕಾಣತೈತಿ, ಆಡಿದವರಿಗೂ ನಾಚಿಕಿ ಆಗತೈತಿ. ಕನಿಕರದ ಸೀರಿ ಉಡಿಸಿ ತಂದ ಚಾಡಿ ಮಾತ್ರ ಯಾರಿಗೂ ಗುರುತು ಸಿಗೋದಿಲ್ಲ. ನನಗೂ ಸಿಕ್ಕಿರಲಿಲ್ಲ.

ಆಮ್ಯಾಲ ಬೈಬಲ್ಲಿನ್ಯಾಗ ನಾಲಿಗಿ ಬಗ್ಗೆ ಎಲ್ಲೆಲ್ಲಿ ಐತಿ ಅಂತ ಹುಡುಕಿ ಹುಡುಕಿ ಓದಿದೆ. ಜ್ಞಾನೋಕ್ತಿಗಳದಾಗ ಚಾಡಿಕೋರನ ಮಾತಿಗೆ ರುಚಿ ತುತ್ತಿನ ಹೋಲಿಕಿ ಕೊಟ್ಟಾರ, ಅದು ಹೊಟ್ಟಿ ಒಳಗ ಇಳೀತೈತಿ ಅಂತ. 18ನೇ ಅಧ್ಯಾಯದಾಗ ಬಂದದ್ದು 26ನೇ ಅಧ್ಯಾಯದಾಗ ಮತ್ತ ಬರತೈತಿ. ನೋಡ್ರಿ, ಕಹಿ ಐತಿ ಅಂತ ಅನ್ನಲಿಲ್ಲ. ರುಚಿ ಐತಿ ಅಂತ ಒಪ್ಪಿಕೊಂಡ ಹೇಳೇತಿ. ಮಳಿ ಬಂದಾಗ ಬಿಸಿ ಮಿರ್ಚಿ ಭಜಿ ಮುಂದಿಟ್ರ ಬ್ಯಾಡ ಅನ್ನೋದು ಹ್ಯಾಂಗ ಕಷ್ಟನೋ, ಸುದ್ದಿನೂ ಹಂಗ. ಯಾಕೋಬನ ಪತ್ರಿಕೆ 3ನೇ ಅಧ್ಯಾಯದಾಗ, ಒಂದ ಬುಗ್ಗಿಯಿಂದ ಸಿಹಿನೀರು, ಕಹಿನೀರು ಎರಡೂ ಬರತಾವೇನು ಅಂತ ಕೇಳತಾನ. ನಮ್ಮ ಬೋರಿನ ಸವಳು ನೀರಿನ್ಯಾಗ ಬ್ಯಾಳಿ ಬೇಯಿಸಾಕ ಹೋಗಿ ಸೋತ ನಮಗ ಇದನ್ನ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಹಾಡಿದ ಬಾಯಾಗ ಅರ್ಧ ತಾಸಿನ್ಯಾಗ ಚಾಡಿ ಬಂದ್ರ ಆ ಹಾಡಿನ ನೀರೂ ಸವಳ.

ತೀತನಿಗೆ ಬರೆದ ಪತ್ರಿಕೆದಾಗ ಪೌಲನು ವಯಸ್ಸಾದ ಹೆಣ್ಮಕ್ಕಳಿಗೆ ಅಂತನ ಈ ಬುದ್ಧಿ ಹೇಳ್ಯಾನ, ಚಾಡಿ ಹೇಳೋರಾಗಿರಬಾರದು ಅಂತ. ಒಮ್ಮೆ ನಮ್ಮ ಸಭಾಪಾಲಕರು ಬೋಧನಿ ಮಾಡೋವಾಗ, ಅಲ್ಲಿ ಗ್ರೀಕ್ ಭಾಷಾದಾಗ ಇರೋ ಶಬ್ದ ಡಿಯಾಬೊಲೊಸ್, ಸೈತಾನನಿಗೆ ಹೇಳೋ ಶಬ್ದನೂ ಅದ, ಅಂದ್ರು. ಬೆಂಚಿನ್ಯಾಗ ನಾ ಸೆರಗು ಸರಿ ಮಾಡಿಕೊಂಡೆ.

ಆದ್ರ ನನ್ನ ಮನಸ್ಸು ಹಿಡಿದು ನಿಲ್ಲಿಸಿದ್ದು ಅರಣ್ಯಕಾಂಡ 12ನೇ ಅಧ್ಯಾಯದ ಮಿರ್ಯಾಮಳ ಕಥಿ. ಅಕಿ ಏನು ಸಣ್ಣಾಕಿ ಅಲ್ಲ, ಪ್ರವಾದಿನಿ, ಮೋಶೆಯ ಅಕ್ಕ. ತಮ್ಮ ಕೂಷ್ ದೇಶದ ಹೆಣ್ಣನ್ನ ಮದುವಿ ಆಗ್ಯಾನ ಅಂತ ಒಡಹುಟ್ಟಿದವರು ಇಬ್ಬರೂ ಆಡಿಕೊಂಡ್ರು. ಮನಿ ಸೊಸಿ ಬಗ್ಗೆ ಆಡಿದ ಮಾತು, ನಮ್ಮ ನಿಮ್ಮ ಮನ್ಯಾಗ ದಿನಾ ಆಗೋದ. ಅಕಿ ಮೈಯೆಲ್ಲ ಹಿಮದಂಗ ಬೆಳ್ಳಗಾತು, ಏಳು ದಿನ ಪಾಳ್ಯದ ಹೊರಗ ಇರಬೇಕಾತು. ಅಕಿ ತಿರುಗಿ ಬರೋ ತನಕ ಅಷ್ಟೂ ಜನ ಮುಂದಕ ಹೋಗದ ಅಲ್ಲೇ ನಿಂತ್ರು. ಒಬ್ಬಾಕಿ ಬಾಯಿ ಸಲುವಾಗಿ ಇಡೀ ಜನದ ಪ್ರಯಾಣ ಏಳು ದಿನ ನಿಂತಿತು. ನನ್ನ ಬಾಯಿ ಸಲುವಾಗಿ ಒಂದು ಹುಡುಗಿ ಬಾಳೇವು ಒಂದು ವರ್ಷ ಏಳು ತಿಂಗಳು ನಿಂತಿತು. ಇನ್ನೊಂದು ಸಂಗತಿ ಐತಿ ಆ ಕಥಿಯಾಗ. ಅಕಿನ್ನ ವಾಸಿ ಮಾಡು ಅಂತ ದೇವರಿಗೆ ಮೊರೆ ಇಟ್ಟಾವ ಯಾರು? ಅಕಿ ಯಾರನ್ನ ಆಡಿಕೊಂಡಿದ್ದಳೋ ಅವನ, ಮೋಶೆ. ಅದು ಖರೇ ಪ್ರಾರ್ಥನಾ. ನಾ ಮಾಡಿದ್ದಲ್ಲ.

ಎರಡನೇ ಸಲ ಗೆಳತಿ ಮನಿಗೆ ಹೋದಾಗ ನೆಪ ಮನ್ಯಾಗ ಬಿಟ್ಟು ಹೋದೆ. "ನೀ ಹೇಳಬ್ಯಾಡ ಅಂದಿದ್ದಿ, ನಾ ಹೇಳಿದೆ. ತಪ್ಪು ನಂದು" ಅಂದೆ. ಇಷ್ಟ. ಅಕಿ ಏನೂ ಅನ್ನಲಿಲ್ಲ, ಎದ್ದು ಹೋಗಿ ಚಹಾ ಇಟ್ಟಳು. ಅಲ್ಲಿಂದ ಅವತ್ತ ಕೂಟದಾಗ ಇದ್ದ ಒಬ್ಬೊಬ್ಬರ ಮನಿಗೂ ಹೋಗಿ, "ಆ ಮಾತು ನಾ ಆಡಬಾರದಿತ್ತು, ಹುಡುಗಿದು ಏನೂ ತಪ್ಪಿಲ್ಲ" ಅಂತ ಹೇಳಿ ಬಂದೆ. ಕೆಲವರು ಸುಮ್ಮನ ಕೇಳಿದರು. ಒಬ್ಬಾಕಿ ನಕ್ಕು, "ಈಗ ಯಾಕ ಅಕ್ಕಾರ, ಹಳೇದಾತಲ್ಲ" ಅಂದಳು. ಮಾತು ಆಡಿದರ ಹೋತು, ಮುತ್ತು ಒಡೆದರ ಹೋತು ಅಂತ ಸಣ್ಣಾಕಿ ಇದ್ದಾಗ ನಮ್ಮವ್ವ ಹೇಳತಿದ್ದಳು. ಆ ಹತ್ತು ಮನಿ ಪಾಂವಟಿಗಿ ಹತ್ತಿ ಇಳಿಯೋವಾಗ ಅದು ನೆನಪಾತು.

ಅಲ್ಲಿಂದ ಇಲ್ಲೀತನಕ ನಾ ಕೆಲವು ರೂಢಿ ಮಾಡಿಕೊಂಡೀನಿ. ದೊಡ್ಡ ಸಾಧನಿ ಏನಲ್ಲ. ಪ್ರಾರ್ಥನಾ ಕೂಟದಾಗ ನಂದು, ನನ್ನ ಮನೀದು ಅಷ್ಟ ಹೇಳತೀನಿ. ಬ್ಯಾರೆಯವರದು ಹೇಳಬೇಕಂದ್ರ ಅವರನ್ನ ಕೇಳೇ ಹೇಳೋದು. ಇಲ್ಲಂದ್ರ ಒಳಗಿನ ಖೋಲಿದಾಗ ದೇವರ ಮುಂದ ಹೇಳೋದು, ಅವಗ ಹೆಸರು ಮುಚ್ಚಿಡಬೇಕಾಗಿಲ್ಲ. ಒಂದು ಮಾತು ಬಾಯಿಗೆ ಬಂದಾಗ, ಅಕಿ ಇಲ್ಲೇ ನನ್ನ ಬಾಜೂಕ ಕುಂತು ಜೋಳದ ಹಿಟ್ಟು ನಾದಾಕತ್ತಿದ್ದರ ಇದನ್ನ ಹೇಳತಿದ್ನೇನು ಅಂತ ಕೇಳಿಕೋತೀನಿ. ಖರೇನೋ ಸುಳ್ಳೋ ಅನ್ನೋದು ಸಾಕಾಗೋದಿಲ್ಲ. ನನ್ನ ಗೆಳತಿ ಬಗ್ಗೆ ಅವತ್ತ ನಾ ಆಡಿದ್ದು ಪೂರಾ ಖರೇನ ಇತ್ತು.

ಬ್ಯಾರೆಯವರು ಸುರು ಮಾಡಿದ್ರ ನಾ ಬುದ್ಧಿ ಹೇಳಾಕ ಹೋಗೋದಿಲ್ಲ, ಅದು ಇನ್ನೊಂದು ನಮೂನಿ ದೊಡ್ಡಸ್ತನ ಆಗತೈತಿ. "ಹಂಗಾದ್ರ ಒಮ್ಮೆ ಹೋಗಿ ಅಕಿನ್ನ ಮಾತಾಡಿಸಿ ಬರೋಣ ನಡೀರಿ" ಅಂತೀನಿ. ಬಹಳ ಸಲ ಅಲ್ಲಿಗೆ ಮಾತು ನಿಂತು ಹೋಗತೈತಿ. ಒಮ್ಮೊಮ್ಮೆ ಖರೇನ ಎದ್ದು ಹೋಗೀವಿ, ಹೋದ ಮ್ಯಾಲ ನಾವು ತಿಳಕೊಂಡಿದ್ದ ಬ್ಯಾರೆ, ಇದ್ದದ್ದ ಬ್ಯಾರೆ ಆಗೇತಿ. ಅದೂ ಆಗಲಿಲ್ಲ ಅಂದ್ರ, "ಹಾಲು ಇಟ್ಟು ಬಂದೀನಿ" ಅಂತ ಎದ್ದು ಒಳಗ ಹೋಗತೀನಿ. "ಅತ್ತಿ, ನಮ್ಮ ಮನ್ಯಾಗ ಹಾಲು ಭಾಳ ಉಕ್ಕಾಕತ್ತಾವಲ್ಲ" ಅಂತ ಸೊಸಿ ನಗತಾಳ. ವಾಟ್ಸಾಪಿನ್ಯಾಗ ಯಾರ ಮನಿ ಫೋಟೊ, ಯಾರ ಧ್ವನಿ ಬಂದ್ರೂ ಮುಂದಕ ಕಳಸೋದಿಲ್ಲ.

ಎಲ್ಲಾಕಿಂತ ಕಷ್ಟ ಆಗಿದ್ದು ನನ್ನ ಸ್ವಂತ ತಂಗಿ ಜೋಡಿ. ದಿನಾ ಮಧ್ಯಾಹ್ನ ಮುಕ್ಕಾಲು ತಾಸು ಫೋನು. ಸುದ್ದಿ ಬಿಟ್ಟ ಮ್ಯಾಲ ಮೊದಲನೇ ವಾರ ಐದು ನಿಮಿಷಕ್ಕ ಮಾತು ಮುಗೀತಿತ್ತು. "ಊಟ ಆತೇನ?" "ಆತು." "ಮತ್ತೇನ?" "ಏನಿಲ್ಲ." ಐವತ್ತು ವರ್ಷದ ಅಕ್ಕ-ತಂಗಿ ನಾವು, ಬ್ಯಾರೆಯವರ ಸುದ್ದಿ ತಗದ್ರ ನಮ್ಮಿಬ್ಬರ ನಡುವ ಮಾತ ಇಲ್ಲೇನು ಅಂತ ಅಂಜಿಕಿ ಆತು. "ಯಾಕ, ನನ್ನ ಮ್ಯಾಲ ಸಿಟ್ಟೇನ?" ಅಂತ ಅಕಿನೂ ಕೇಳಿದಳು. ಹಿಂಗ ಎರಡು ಮೂರು ವಾರ ಹೋತು. ಒಂದು ದಿನ ಅಕಿ ತನ್ನ ಎದಿಯಾಗಿನ ಗಂಟಿನ ಮಾತು ತಗದಳು. ಆರು ತಿಂಗಳಿಂದ ಯಾರಿಗೂ ಹೇಳಿರಲಿಲ್ಲಂತ. "ನಿನ್ನ ಮುಂದ ಹೇಳಾಕ ಅಂಜಿಕಿ ಇತ್ತು, ನೀ ಎಲ್ಲಾರದೂ ನನಗ ಹೇಳತಿದ್ದೆಲ್ಲ" ಅಂದಳು. ಮರುದಿನ ಇಬ್ಬರೂ ಕೂಡಿ ದವಾಖಾನಿಗೆ ಹೋದ್ವಿ. ದೇವರ ದಯೆಯಿಂದ ಬರೇ ನೀರಿನ ಗಂಟು. ಆದ್ರ ಸ್ವಂತ ತಂಗಿ ನನ್ನ ನಾಲಿಗಿಗೆ ಅಂಜಿ ಆರು ತಿಂಗಳು ಒಬ್ಬಾಕಿನ ಹೊತ್ತುಕೊಂಡಿದ್ದಳು ಅನ್ನೋದನ್ನ ನಾ ಮರೆಯಂಗಿಲ್ಲ.

ಒಂದು ಮಾತು ಸ್ಪಷ್ಟ ಹೇಳಬೇಕು. ಯಾರದಾದ್ರೂ ಮನ್ಯಾಗ ಹೊಡತ-ಬಡತ ನಡದ್ರ, ಸಣ್ಣ ಹುಡುಗರಿಗೆ ಕೆಟ್ಟದ್ದು ಆಗಾಕತ್ತಿದ್ರ, ಚಾಡಿ ಹೇಳಬಾರದು ಅಂತ ಬಾಯಿ ಮುಚ್ಚಿಕೊಂಡು ಕುಂದ್ರೋದು ಭಕ್ತಿ ಅಲ್ಲ. ಯಾಜಕಕಾಂಡ 19:16ರಾಗ ಚಾಡಿ ಬ್ಯಾಡ ಅನ್ನೋ ಮಾತಿನ ಬಾಜೂಕನ ನೆರೆಯವರ ಪ್ರಾಣದ ಮಾತೂ ಐತಿ. ಆದ್ರ ಅದನ್ನ ಹೇಳಬೇಕಾಗಿದ್ದು ಸಂಡಿಗಿ ಸೀರಿ ಮುಂದಲ್ಲ, ಸಹಾಯ ಮಾಡೋರ ಮುಂದ. ಮೊದಲ ಆ ಹೆಣ್ಮಗಳನ್ನ ಒಬ್ಬಾಕಿನ್ನ ಕರದು ಕೇಳ್ರಿ. ಮಹಿಳಾ ಸಹಾಯವಾಣಿ 181, ಮಕ್ಕಳಿಗೆ 1098. 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆ ಪ್ರಕಾರ ನೆರಮನಿಯವರೂ ಸಂರಕ್ಷಣಾಧಿಕಾರಿಗೆ ತಿಳಿಸಬಹುದು, ಒಳ್ಳೆ ಮನಸ್ಸಿನಿಂದ ತಿಳಿಸಿದವರ ಮ್ಯಾಲ ಯಾವ ಹೊಣಿನೂ ಬರೋದಿಲ್ಲ. ಹತ್ತು ಮಂದಿಗೆ ಹೇಳಿ ಒಬ್ಬರೂ ಸಹಾಯಕ್ಕ ಹೋಗದಿದ್ರ ಅದು ಚಾಡಿ. ಒಬ್ಬರಿಗೆ ಹೇಳಿ ಆ ಮನಿಗೆ ಸಹಾಯ ಬಂದ್ರ ಅದು ಸಾಕ್ಷಿ.

ಇದು ಬರೇ ನಮ್ಮ ಕ್ರೈಸ್ತರಿಗೆ ಬರದದ್ದಲ್ಲ. ಇದನ್ನೆಲ್ಲ ಒಮ್ಮೆ ನಮ್ಮ ಬಾಜೂ ಮನಿ ಲಿಂಗಾಯತರ ದೊಡ್ಡವ್ವಾರ ಮುಂದ ಹೇಳಿದಾಗ, "ಬಸವಣ್ಣನವರೂ ಬ್ಯಾರೆಯವರನ್ನ ಹಳೀಬ್ಯಾಡ ಅಂದಾರವ್ವ, ತನ್ನನ್ನ ತಾ ಹೊಗಳಿಕೊಳ್ಳೋದೂ ಬ್ಯಾಡ ಅಂದಾರ" ಅಂದ್ರು. ಎರಡೂ ಒಂದ ಗಿಡದ ಕಾಯಿ ಅಂತ ನನಗ ಆಗ ಹೊಳೀತು. ಬ್ಯಾರೆಯವರನ್ನ ಒಂದು ಮೆಟ್ಟಲು ಕೆಳಗಿಳಿಸಿದ್ರ ತಾ ನಿಂತಲ್ಲೇ ಎತ್ತರ ಆದಂಗ ಅನಸತೈತಲ್ಲ.

ಆ ಹುಡುಗಿ ಈಗ ಗಂಡನ ಜೋಡಿ ಬೆಂಗಳೂರಾಗ ಅದಾಳ, ಒಂದು ಕೂಸು ಐತಿ. ಗಂಡನ ಬಂದು ಕರಕೊಂಡು ಹೋದ. ನನ್ನ ಗೆಳತಿ ಮತ್ತ ಕೂಟಕ್ಕ ಬರತಾಳ. ಕರ್ತನ ಭೋಜನದ ದಿನ ತಿರುಗಿ ನನ್ನ ಕೈನೂ ಹಿಡೀತಾಳ. ಆದ್ರ ಹಿತ್ತಲದಾಗ ನಿಂತು ಮನಸ್ಸು ಬಿಚ್ಚಿ ಮಾತಾಡಿದ್ದು ಅವತ್ತ ಕಡೀದು. "ಹ್ಯಾಂಗಿದ್ದಿ?" ಅಂದ್ರ, "ಆರಾಮ ಅದೀನಿ" ಅಂತಾಳ. ನಾ ಅಷ್ಟಕ್ಕ ಸುಮ್ಮನಾಗತೀನಿ. ಕ್ಷಮಾ ಸಿಕ್ಕೇತಿ. ನಂಬಿಗಿ ಇನ್ನೂ ಬರಬೇಕು, ಅದು ಅಕಿ ಕೈಯಾಗಿಂದು, ಕೇಳಿ ತಗೊಳ್ಳಾಕ ಬರೋದಿಲ್ಲ.

ಅಂದಂಗ, ಆ ಕಡೀ ಮನಿಯವರಿಗೆ ನಿನ್ನೆ ಒಂದು ಡಬ್ಬಿ ಸಂಡಿಗಿ ಕೊಟ್ಟು, ಕುಂತು ಮಾತಾಡಿಸಿ ಬಂದೆ. ಅವರು ಏನು ಹೇಳಿದರು ಅಂತ ಕೇಳಬ್ಯಾಡ್ರಿ. ಸಂಡಿಗಿ ಛಲೋ ಅರಳ್ಯಾವಂತ, ಅಷ್ಟ ಹೇಳತೀನಿ.